ತಿಬುರ್ಸಿಯೊ ದೇವರೊಡನೆ ನೇರವಾಗಿ ಮಾತಾಡಿದ್ದು

ಬಾತುಕೋಳಿ ಸಾಕುವವರಿಗೆ ಬಾತುಕೋಳಿಯ ಎರಡು ಗುಣ ಅಂಟಿಕೊಳ್ಳುತ್ತವೆ ಎಂದು ಸರೋವರದ ದಂಡೆಯ ತಬಿಂಗ್‌ಲಾವ ಊರಿನವರು ಹೇಳುತ್ತಾರೆ. ಒಂದು, ಏನೂ ಆಗದಿದ್ದಾಗಲೂ ಗದ್ದಲ ಮಾಡುವುದು. ಇನ್ನೊಂದು, ಒಂದು ದಿಕ್ಕಿಗೆ ಹೊರಟ ಮೇಲೆ ಎದುರಿಗೆ ಗುಂಡಿ ಬಂದರೂ ಹೋಗುತ್ತಲೇ ಇರುವುದು. ತಿಬುರ್ಸಿಯೊನಲ್ಲಿ ಎರಡೂ ಧಾರಾಳವಾಗಿದ್ದವು. ಊರೆಲ್ಲ ಅವನನ್ನು ಮಾಂಗ್ ಬುರ್ಸಿಯೊ ಎಂದು ಗೌರವದಿಂದಲೇ ಕರೆಯುತ್ತಿತ್ತು. ಆ ಗೌರವ ಅವನ ವಯಸ್ಸಿಗೆ ಮತ್ತು ಅವನು ಮಾರುವ ಉಪ್ಪುಮೊಟ್ಟೆಗೆ ಸಲ್ಲುತ್ತಿತ್ತೇ ಹೊರತು ಬುದ್ಧಿಗಲ್ಲ.

ಅವನು ತನ್ನ ಒಬ್ಬಳೇ ಮಗಳು ರೋವೆನಾಳ ಮದುವೆಯನ್ನು ಜುಲೈ ತಿಂಗಳಲ್ಲಿ ಇಟ್ಟುಕೊಂಡಿದ್ದ. ಆ ಸರೋವರದ ದಂಡೆಯಲ್ಲಿ ಜುಲೈಯಲ್ಲಿ ಮದುವೆ ಇಟ್ಟುಕೊಳ್ಳುವವನು ಒಂದೋ ಹುಚ್ಚ, ಇಲ್ಲವೇ ಬೀಗಿತ್ತಿಯ ಮಾತಿಗೆ ಎದುರಾಡಲಾರದವನು. ತಿಬುರ್ಸಿಯೊ ಎರಡನೆಯ ಜಾತಿ. ಬೀಗಿತ್ತಿ ಕೊರ್ದ್ಯಾ ದಿನ ಗೊತ್ತುಮಾಡಿದಳು, ಇವನು ತಲೆಯಾಡಿಸಿದ.

"ಜುಲೈಯಲ್ಲಿ ನಮ್ಮ ಬಾತುಕೋಳಿಗಳೇ ಮಳೆಗೆ ಬೇಜಾರಾಗಿ ಒಳಗೆ ಬರ್ತಾವೆ," ಎಂದಳು ಅವನ ಅತ್ತೆ ಪೋತೆಂಗ್ ಅಜ್ಜಿ. ಎಂಬತ್ತು ದಾಟಿದ ಆಕೆಯ ಮೈಯೆಲ್ಲ ಒಣಗಿ ನಾಲಿಗೆಯೊಂದು ಹಸಿಯಾಗಿ ಉಳಿದಿತ್ತು. "ಆಗಿದ್ದು ಆಯ್ತು. ಬೆಳಿಗ್ಗೆ ಎದ್ದು ಒಂದು ಬುಟ್ಟಿ ಮೊಟ್ಟೆ ತಗೊಂಡು ಪಕ್ಕದೂರಿನ ಮಠಕ್ಕೆ ಹೋಗು. ಸಿಸ್ಟರಮ್ಮನ ಕೈಗೆ ಕೊಟ್ಟು, ಮದುವೆ ದಿನ ಮಳೆ ಬೇಡ ಅಂತ ಸಾಂತಾ ಕ್ಲಾರಾ ಹತ್ರ ಒಂದು ಮಾತು ಹೇಳಿಸು. ಉಪ್ಪು ಹಾಕಿದ್ದಲ್ಲ, ಹಸೀ ಮೊಟ್ಟೆ. ಗೊತ್ತಾಯ್ತಾ?"

ಮೊಟ್ಟೆ ಕೊಟ್ಟರೆ ಸಾಂತಾ ಕ್ಲಾರಾ ದೇವರ ಬಳಿ ಹೋಗಿ ಮೋಡ ಸರಿಸಲು ಕೇಳಿಕೊಳ್ಳುತ್ತಾಳೆ ಎಂಬುದು ಆ ಸೀಮೆಯಲ್ಲಿ, ಕೈ ತೋರಿಸಿದರೆ ಜೀಪು ನಿಲ್ಲುತ್ತದೆ ಎಂಬಷ್ಟೇ ಸಾಮಾನ್ಯ ಜ್ಞಾನ. ಹಾಗಾಗಿ ತಿಬುರ್ಸಿಯೊ ಮರುಮಾತಾಡದೆ ಬುಟ್ಟಿ ತುಂಬಿಸಿ, ಸೈಕಲ್ಲಿಗೆ ಕಟ್ಟಿ ಹೊರಟ.

ಮಠದ ದಾರಿಯಲ್ಲಿ ಒಂದು ಕ್ಯಾಂಟೀನು ಇದ್ದದ್ದು ಅವನ ತಪ್ಪಲ್ಲ. ಅಲ್ಲಿ ಪ್ಲಾಸಿದೊ ಮತ್ತು ಕಾಲಿಸ್ತೊ ಕುಳಿತಿದ್ದದ್ದೂ ಅವನ ತಪ್ಪಲ್ಲ. ಇಬ್ಬರೂ ಹುಂಜ ಕಾದಿಸುವವರು, ಇಬ್ಬರೂ ತಿಬುರ್ಸಿಯೊನ ಬಾಲ್ಯದ ಗೆಳೆಯರು. ಅವರ ಮುಂದೆ ತೆಂಗಿನ ಸಾರಾಯಿ ಇತ್ತು, ನಂಚಿಕೊಳ್ಳಲು ಏನೂ ಇರಲಿಲ್ಲ.

"ಬುಟ್ಟೀಲಿ ಏನಪ್ಪಾ?" ಎಂದ ಪ್ಲಾಸಿದೊ.

"ಮುಟ್ಟಬೇಡ. ಅದು ಸಾಂತಾ ಕ್ಲಾರಾದು."

"ಎಲ್ಲಾ ಅವಳದೇ? ಸ್ವರ್ಗದಲ್ಲಿರೋಳು ಬುಟ್ಟಿ ತೂಕ ನೋಡ್ತಾಳಾ? ಎರಡು ತೆಗೆದ್ರೆ ಪುಣ್ಯ ಏನೂ ಸವೆಯಲ್ಲ."

ಎರಡು ತೆಗೆದು ಟೊಮೆಟೊ ಹಾಕಿ ಹುರಿದರು. ರುಚಿಯಾಗಿತ್ತು. ಇನ್ನೆರಡು ತೆಗೆದರು. ಮದುವಣಗಿತ್ತಿಯ ಆಯುಷ್ಯಕ್ಕೆಂದು ಒಂದು ಸುತ್ತು, ಮದುಮಗನ ಆಯುಷ್ಯಕ್ಕೆಂದು ಒಂದು ಸುತ್ತು ಕುಡಿದರು. ಸುತ್ತಿಗೊಂದು ಹುರಿದ ಮೊಟ್ಟೆ ಬೇಕೇ ಬೇಕಲ್ಲ. ಕೊನೆಗೆ ಬುಟ್ಟಿಯ ತಳದಲ್ಲಿ ಒಂದೇ ಒಂದು ಮೊಟ್ಟೆ ಉಳಿಯಿತು. ಒಂಟಿ ಮೊಟ್ಟೆ ಹಿಡಿದುಕೊಂಡು ಮಠದ ಬಾಗಿಲು ತಟ್ಟುವುದು ಸಂತಳಿಗೇ ಅವಮಾನ ಎಂದು ಕಾಲಿಸ್ತೊ ಹೇಳಿದ. ನ್ಯಾಯವಾದ ಮಾತು. ಅದನ್ನೂ ಹುರಿದರು.

ಸಂಜೆ ತಿಬುರ್ಸಿಯೊ ಸೈಕಲ್ಲನ್ನು ತಳ್ಳಿಕೊಂಡು, ಅಥವಾ ಸೈಕಲ್ಲು ಅವನನ್ನು ಎಳೆದುಕೊಂಡು, ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಜಪಸರ ಹಿಡಿದು ಕುಳಿತಿದ್ದಳು. ಹೆಂಡತಿ ಲಿಯೋನಿಲಾ ಅಕ್ಕಿ ಆರಿಸುತ್ತಿದ್ದಳು. ಬೇಲಿಯಾಚೆ ಬಟ್ಟೆ ಒಗೆಯುವ ತಾಲ್ಯಾ ಬಟ್ಟೆ ಹಿಂಡುತ್ತ ಕಿವಿಯನ್ನು ಈಚೆಗೆ ಇಟ್ಟಿದ್ದಳು.

"ಸಿಸ್ಟರಮ್ಮ ಏನಂದ್ರು?" ಎಂದಳು ಅತ್ತೆ.

"ಯಾವ ಸಿಸ್ಟರಮ್ಮ?"

ಸುಳ್ಳು ಹೇಳಲು ತಿಬುರ್ಸಿಯೊನಿಗೆ ಬರುತ್ತಿರಲಿಲ್ಲ. ನಿಜ ಹೇಳಲು ಧೈರ್ಯ ಸಾಲುತ್ತಿರಲಿಲ್ಲ. ಇವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯರು ಸಾಮಾನ್ಯವಾಗಿ ಒಂದು ಸಿದ್ಧಾಂತವನ್ನು ಹುಟ್ಟಿಸುತ್ತಾರೆ. ಅವನೂ ಹುಟ್ಟಿಸಿದ.

"ನಾನು ಮಠಕ್ಕೆ ಹೋಗ್ಲಿಲ್ಲ," ಎಂದು ಎದೆಯುಬ್ಬಿಸಿದ. "ಯಾಕೆ ಹೋಗ್ಬೇಕು? ದೇವರು ನನ್ನಪ್ಪ. ಅಪ್ಪನ ಹತ್ರ ಮಾತಾಡೋಕೆ ದಲ್ಲಾಳಿ ಯಾಕೆ? ದಾರೀಲಿ ಸೈಕಲ್ ನಿಲ್ಲಿಸಿ ನೇರವಾಗಿ ಕೇಳ್ಬಿಟ್ಟೆ. ಆಗಲಿ ಅಂದ."

"ಮತ್ತೆ ಮೊಟ್ಟೆ?"

"ಮೊಟ್ಟೆ... ಬಡವರಿಗೆ ಹಂಚಿದೆ."

ಪೋತೆಂಗ್ ಅಜ್ಜಿ ಜಪಸರವನ್ನು ಮಡಿಲಲ್ಲಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ.

"ನೇರವಾಗಿ! ಬಾತುಕೋಳಿ ಲೈಸೆನ್ಸಿಗೆ ಊರ ಕ್ಯಾಪ್ಟನ್ ಹತ್ರ ಹೋಗೋಕೆ ನಿಂಗೆ ಅವನ ಹೆಂಡ್ತಿ ಬೇಕು. ಅವನ ಹೆಂಡ್ತಿ ಹತ್ರ ಮಾತಾಡೋಕೆ ನಿನ್ನ ಹೆಂಡ್ತಿ ಬೇಕು. ನಿನ್ನ ಹೆಂಡ್ತಿಗೆ ಕೋಪ ಬಂದ್ರೆ ಅವಳ ಹತ್ರ ಹೋಗೋಕೆ ಮಗಳು ಬೇಕು. ದೇವರ ಹತ್ರ ಮಾತ್ರ ನೇರ!"

"ಅದೇ ತಾನೇ ನಾನೂ ಹೇಳ್ತಿರೋದು? ಇನ್ಮೇಲೆ ಎಲ್ಲಾ ನೇರ!" ಎಂದು ಘೋಷಿಸಿದ ತಿಬುರ್ಸಿಯೊ ನೇರವಾಗಿ ಹೋಗಿ ಮಲಗಿಬಿಟ್ಟ.

ತಾಲ್ಯಾ ಹಿಂಡುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಪಕ್ಕದ ಮನೆಗೆ ಹೋದಳು. ಕತ್ತಲಾಗುವ ಮುಂಚೆಯೇ ಇಡೀ ಊರಿಗೇ ತಿಳಿಯಿತು: ಮಾಂಗ್ ಬುರ್ಸಿಯೊ ಸಂತರನ್ನೆಲ್ಲ ಕೆಲಸದಿಂದ ತೆಗೆದುಹಾಕಿದ್ದಾನೆ.

ಮರುದಿನ ಅವನು ಏಳುವಷ್ಟರಲ್ಲಿ ತಲೆನೋವು ಬಂದಿತ್ತು, ಬೀಗಿತ್ತಿಯೂ ಬಂದಿದ್ದಳು.

"ಬೀಗರೇ, ನಾನು ಕೇಳಿದ್ದು ನಿಜಾನಾ? ನನ್ನ ಮಗನ ಮದುವೆ ನೀರು ಪಾಲಾದ್ರೆ ಯಾರು ಜವಾಬ್ದಾರಿ?"

ನಿಜ ಹೇಳಿಬಿಡೋಣ ಎಂದು ಅವನಿಗೆ ಒಂದು ಗಳಿಗೆ ಅನಿಸಿತು. ಆದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ದೇವರೇ ಮಾತು ಕೊಟ್ಟಿದ್ದಾನೆ, ಅವನ ಮೇಲೆ ಅಪನಂಬಿಕೆ ಪಡ್ತೀರಾ?" ಎಂದುಬಿಟ್ಟ. ಬೀಗಿತ್ತಿ ಶಿಲುಬೆಯ ಗುರುತು ಹಾಕಿಕೊಂಡು ಹೋದಳು.

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಮೆಲಾನಿಯೊ ಅವನನ್ನು ತಡೆದು ನಿಲ್ಲಿಸಿದರು. "ನೇರವಾಗಿ ಪ್ರಾರ್ಥಿಸೋದು ಒಳ್ಳೇದೇ, ಮಾಂಗ್ ಬುರ್ಸಿಯೊ. ನಾವೂ ಮಾಡ್ತೀವಿ. ಆದ್ರೆ ಸಂತರ ಮೇಲೆ ಏನು ಸಿಟ್ಟು?"

"ಸಿಟ್ಟಿಲ್ಲ ಫಾದರ್. ಅವರಿಗೂ ವಿಶ್ರಾಂತಿ ಬೇಡ್ವಾ?"

ಹೇಳುತ್ತಲೇ ಅವನು ಗೇಟು ದಾಟಿದ್ದ. ಅಷ್ಟರಲ್ಲಿ ಅವನಿಗೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಬರಲು ಶುರುವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಆ ವಾರ ಹಸಿ ಮೊಟ್ಟೆಗೆ ಎಲ್ಲಿಲ್ಲದ ಗಿರಾಕಿ. ಯಾರ್‍ಯಾರೋ ಗುರುತಿಲ್ಲದವರು ಬುಟ್ಟಿಗಟ್ಟಲೆ ಒಯ್ದರು. ದೇವರು ತನ್ನ ನೇರ ನಡೆಯನ್ನು ಮೆಚ್ಚಿದ್ದಾನೆ ಎಂದು ಅವನು ಬಾತುಕೋಳಿಗಳಿಗೆ ಹೇಳಿದ. ಅವು ಒಪ್ಪಿದವು.

ಮದುವೆಯ ದಿನ ಬೆಳಿಗ್ಗೆ ಆಕಾಶ ಸುಟ್ಟ ಬಾಣಲೆಯ ತಳದ ಹಾಗಿತ್ತು. ಮಳೆ ಬೀಳುತ್ತಿರಲಿಲ್ಲ, ಯಾರೋ ಮೇಲೆ ನಿಂತು ಸುರಿಯುತ್ತಿದ್ದರು. ಚಪ್ಪರ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು. ಇಡಿಯಾಗಿ ಸುಡಬೇಕೆಂದು ಬಿದಿರಿಗೆ ಚುಚ್ಚಿಟ್ಟ ಹಂದಿ ಕೆಂಡ ಆರಿಹೋಗಿ ಅರ್ಧಂಬರ್ಧ ಬೆಂದು, ಎಲ್ಲರನ್ನೂ ಅಣಕಿಸುವಂತೆ ಹಲ್ಲು ಕಿರಿದುಕೊಂಡಿತ್ತು. ಚರ್ಚಿನ ಬಾಗಿಲಲ್ಲಿ ಜನ ಕೊಡೆ ಹಿಡಿದು ನಿಂತು, ಆಕಾಶವನ್ನು ಬಿಟ್ಟು ತಿಬುರ್ಸಿಯೊನನ್ನು ನೋಡುತ್ತಿದ್ದರು. ಅವನ ತೆಳು ಅಂಗಿ ಮೈಗೆ ಅಂಟಿ ಒಳಗಿನ ಬನಿಯನ್ನಿನ ತೂತುಗಳೆಲ್ಲ ಕಾಣುತ್ತಿದ್ದವು.

"ಫೋನು ಬಿಜಿ ಇರ್ಬೇಕು," ಎಂದ ಪ್ಲಾಸಿದೊ, ಹಿಂದಿನಿಂದ.

ರೋವೆನಾ ಆಟೋದಂಥ ಟ್ರೈಸಿಕಲ್ಲಿನಿಂದ ಒಂದು ಕಾಲು ಕೆಳಗಿಟ್ಟಳು. ಗಂಟೆ ಹೊಡೆಯಿತು. ಮಳೆ ನಿಂತಿತು. ಸಣ್ಣಗಾಗಲಿಲ್ಲ, ಕಡಿಮೆಯಾಗಲಿಲ್ಲ, ನಲ್ಲಿ ತಿರುಗಿಸಿದಂತೆ ನಿಂತಿತು. ಮೋಡ ಸೀಳಿ ಚರ್ಚಿನ ಮೇಲೆ ಬಿಸಿಲು ಬಿತ್ತು. ಸರೋವರದ ಆಚೆ ದಡದಲ್ಲಿ ಇನ್ನೂ ಸುರಿಯುತ್ತಿತ್ತು.

ತಿಬುರ್ಸಿಯೊ ಮೇಲೆ ನೋಡಿದ. ಅವನಷ್ಟು ಆಶ್ಚರ್ಯಪಟ್ಟವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ.

ಊಟದ ಹೊತ್ತಿಗೆ ಊರಿನ ಚುನಾಯಿತ ಮುಖಂಡ ಕ್ಯಾಪ್ಟನ್ ಗೌದೆನ್ಸಿಯೊ ಮೈಕು ಹಿಡಿದ. ಮೈಕು ಕಂಡರೆ ಅದನ್ನು ಹಿಡಿಯದೆ ಇರುವುದು ಆ ಮನುಷ್ಯನಿಗೆ ಸಾಧ್ಯವಿರಲಿಲ್ಲ. "ಬಂಧುಗಳೇ! ರಸ್ತೆಗೆ ಟಾರು ಕೇಳಿ ನಾನು ಮೂರು ಕಚೇರಿ ಸುತ್ತಿದ್ದೀನಿ, ಇನ್ನೂ ಬಂದಿಲ್ಲ. ಮಾಂಗ್ ಬುರ್ಸಿಯೊ ಸೈಕಲ್ ನಿಲ್ಲಿಸಿ ಒಂದು ಮಾತು ಕೇಳಿದ, ಬಿಸಿಲು ಬಂತು! ಇಂಥವರು ನಮ್ಮೂರಲ್ಲಿ ಇರೋದು ನನ್ನ ಆಡಳಿತಕ್ಕೆ ಹೆಮ್ಮೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಯ ಹೆಂಗಸರು ಮಾತ್ರ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರು. ತಿಬುರ್ಸಿಯೊ ಎದ್ದು, ಅರ್ಧ ಬೆಂದ ಹಂದಿಯನ್ನೂ ಸೇರಿಸಿ ಎಲ್ಲರಿಗೂ ತಲೆಬಾಗಿದ.

ಮರುದಿನದಿಂದ ಜನ ಬರತೊಡಗಿದರು.

ಮೊದಲು ಬಂದವಳು ತಾಲ್ಯಾ, ಅಕ್ಕಿ ಕಡುಬಿನ ಎಲೆಪೊಟ್ಟಣ ಹಿಡಿದು. "ಮಾಂಗ್ ಬುರ್ಸಿಯೊ, ರಾಶಿ ಬಟ್ಟೆ ಬಿದ್ದಿದೆ. ಗುರುವಾರ ಒಂದು ದಿನ ಬಿಸಿಲು ಬರ್ಲಿ ಅಂತ ನನ್ನ ಪರವಾಗಿ ಒಂದು ಮಾತು ಕೇಳಿಬಿಡು."

"ನೀನೇ ಕೇಳು ತಾಲ್ಯಾ. ನೇರವಾಗಿ."

"ಅಯ್ಯೋ, ನನ್ನಂಥೋಳ ಮಾತು ಎಲ್ಲಿ ನಡೆಯುತ್ತೆ? ನಿಂಗೆ ಪರಿಚಯ ಇದೆ."

ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಕಡುಬು ಬಿಸಿಯಾಗಿತ್ತು. ಆಕೆ ಹೋದ ಬೆನ್ನಿಗೆ ಗದ್ದೆಯವನೊಬ್ಬ ಬಾಳೆಗೊನೆ ತಂದು, ಗುರುವಾರವೇ ನಾಟಿ, ಮಳೆ ಬರಲೇಬೇಕು ಎಂದ. ಅವನಿಗೂ ಆಗಲಿ ಎಂದ. ಪ್ಲಾಸಿದೊ ಸಾರಾಯಿ ಸೀಸೆ ಹಿಡಿದು ಬಂದು ತನ್ನ ಹುಂಜ ಗೆಲ್ಲಬೇಕೆಂದ. ಕಾಲಿಸ್ತೊ ಇನ್ನೊಂದು ಸೀಸೆ ಹಿಡಿದು ಬಂದು ಪ್ಲಾಸಿದೊನ ಹುಂಜ ಸೋಲಬೇಕು, ತನ್ನದು ಗೆಲ್ಲಬೇಕು ಎಂದ. ಕ್ಯಾಪ್ಟನ್ ಬಂದು ಮುಂದಿನ ಚುನಾವಣೆಯ ಪ್ರಸ್ತಾಪವನ್ನು ಹವಾಮಾನದ ಮಾತಿನೊಳಗೆ ಸುತ್ತಿಟ್ಟು ಹೋದ. ಬಾತುಕೋಳಿ ಗೂಡಿನ ಮುಂದೆ ಲಿಯೋನಿಲಾ ಒಂದು ಬೆಂಚು ಹಾಕಬೇಕಾಯಿತು. ಒಂದು ದಿನ ಫಾದರ್ ಮೆಲಾನಿಯೊ ಕೂಡ ಆ ಕಡೆ ಸುಮ್ಮನೆ ಬಂದವರಂತೆ ಬಂದು, ಬಾತುಕೋಳಿಗಳ ಆರೋಗ್ಯ ವಿಚಾರಿಸಿ, ಕೆಮ್ಮಿ, "ಚರ್ಚಿನ ಸೂರು ಸೋರ್ತಿದೆ ಬುರ್ಸಿಯೊ. ನಿನ್ನ ಪ್ರಾರ್ಥನೆಯಲ್ಲಿ ನೆನಪಿಟ್ಕೋ," ಎಂದು ಸರಸರನೆ ನಡೆದುಬಿಟ್ಟರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಸಿಕ್ಕಿದವರಿಗೆಲ್ಲ ಕೊಟ್ಟುಬಿಟ್ಟಿದ್ದ, ದೇವರ ಗತಿ ಏನೆಂದು ಯೋಚಿಸಿರಲಿಲ್ಲ.

"ಮೆಚ್ಚಿದೆ ಅಳಿಯಾ," ಎಂದಳು ಅತ್ತೆ, ಬೆಂಚಿನ ಸಾಲನ್ನು ನೋಡುತ್ತ. "ದಲ್ಲಾಳಿ ಬೇಡ ಅಂದೆ. ಈಗ ನೀನೇ ದಲ್ಲಾಳಿ. ಎಲ್ಲರೂ ಸತ್ತ ಮೇಲೆ ಸಂತರಾಗ್ತಾರೆ, ನಿನಗೆ ಮಾತ್ರ ಅವಸರ."

ಗುರುವಾರ ಬೆಳಿಗ್ಗೆ ಬಿಸಿಲು ಬಂತು, ತಾಲ್ಯಾ ಬಟ್ಟೆ ಹರವಿದಳು. ಮಧ್ಯಾಹ್ನ ಮಳೆ ಬಂತು, ಬಟ್ಟೆಯೆಲ್ಲ ನೆನೆಯಿತು. ಅಷ್ಟರಲ್ಲಿ ನಾಟಿಯ ಆಳುಗಳು ಮನೆಗೆ ಹೋಗಿದ್ದರು. ಭಾನುವಾರ ಪಂದ್ಯದ ಕಣದಲ್ಲಿ ಪ್ಲಾಸಿದೊನ ಹುಂಜ ಕಾಲಿಸ್ತೊನ ಹುಂಜವನ್ನು ನೋಡಿತು, ಅದು ಇದನ್ನು ನೋಡಿತು. ಎರಡೂ ಬೆನ್ನು ತಿರುಗಿಸಿ ಬೇರೆ ಬೇರೆ ಬೇಲಿ ಹಾರಿ ಓಡಿಹೋದವು. ಗೆಳೆಯರಿಬ್ಬರೂ ಒಟ್ಟಿಗೆ ಬಂದು ತಿಬುರ್ಸಿಯೊನ ಬೆಂಚನ್ನು ಒದ್ದರು.

"ನನ್ನ ಹತ್ರ ತಗೊಂಡಿದ್ದು ಸಾಲ್ದೂಂತ ಇವನ ಹತ್ರಾನೂ ತಗೊಂಡ್ಯಾ?" ಎಂದ ಪ್ಲಾಸಿದೊ.

"ಸಮಾಧಾನ ಮಾಡ್ಕೊಳ್ಳಿ. ಮೇಲೆ ಕೇಳಿದ್ದೀನಿ, ಪರಿಶೀಲನೆಯಲ್ಲಿದೆ!"

ಆ ಗಲಾಟೆಯ ನಡುವೆಯೇ ಮಠದ ಟ್ರೈಸಿಕಲ್ಲು ಬಂದು ನಿಂತದ್ದು. ಅದರಿಂದ ದಪ್ಪಗಿನ, ನಗುಮುಖದ ಸಿಸ್ಟರ್ ಬೆನಿಗ್ನಾ ಇಳಿದರು. ಅವರ ಹಿಂದೆ ಒಂದರೊಳಗೊಂದು ಜೋಡಿಸಿದ ಬುಟ್ಟಿಗಳ ಗೋಪುರ ಇಳಿಯಿತು. ಉಪ್ಪುಮೊಟ್ಟೆಗೆ ಬಳಿಯುವ ಕೆಂಪು ಬಣ್ಣ ಪ್ರತಿಯೊಂದಕ್ಕೂ ಮೆತ್ತಿತ್ತು. ಮದುವೆಗೆ ಮುಂಚೆ ಗುರುತಿಲ್ಲದ ಗಿರಾಕಿಗಳು ಒಯ್ದಿದ್ದ ತನ್ನ ಬುಟ್ಟಿಗಳನ್ನು ತಿಬುರ್ಸಿಯೊ ಗುರುತಿಸದೆ ಇರಲಿಲ್ಲ.

"ಖಾಲಿ ಬುಟ್ಟಿ ವಾಪಸ್ ಕೊಡೋಣ ಅಂತ ಬಂದೆ," ಎಂದರು ಸಿಸ್ಟರ್. "ಎಂಥಾ ಭಕ್ತಿಯ ಕುಟುಂಬ ನಿಮ್ಮದು! ಒಂದೇ ಮದುವೆಗೆ ಇಷ್ಟು ಮೊಟ್ಟೆ ನಮ್ಮ ಮಠ ಕಂಡಿಲ್ಲ. ಮೊದಲು ಈ ಅಜ್ಜಿ ಕಳಿಸಿದ್ರು. ಆಮೇಲೆ ಇವರ ಮಗಳು. ಆಮೇಲೆ ಮದುಮಗಳು ತಾನೇ ಬಂದು, ಅಪ್ಪನಿಗೆ ಹೇಳ್ಬೇಡಿ ಅಂತ ಕಣ್ಣೀರು ಹಾಕಿದ್ಳು. ಬೀಗಿತ್ತಿ ಎರಡು ಸಲ. ಮದುಮಗನೂ ಒಂದು ಸಲ! ಸಾಂತಾ ಕ್ಲಾರಾಗೆ ಬೇಡೋದರಲ್ಲಿ ನಾವು ಏನೂ ಕಮ್ಮಿ ಮಾಡ್ಲಿಲ್ಲ. ಆದ್ರೆ ಮೂರು ಹೊತ್ತೂ ಮೊಟ್ಟೆ ತಿಂದು ನಮ್ಮ ಹಿರಿಯ ಸಿಸ್ಟರಿಗೆ ಕುರು ಎದ್ದಿದೆ. ಮುಂದಿನ ಸಲ ಒಂದಿಷ್ಟು ತರಕಾರಿ ಕಳಿಸಿ."

ಬೆಂಚಿನ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗದ್ದೆಯವನು ಎದ್ದು, ಮೂಲೆಯಲ್ಲಿ ಹಣ್ಣಾಗುತ್ತಿದ್ದ ತನ್ನ ಬಾಳೆಗೊನೆಯನ್ನು ಹೆಗಲಿಗೇರಿಸಿಕೊಂಡು ಹೊರಟ. ತಾಲ್ಯಾ ಕಡುಬು ವಾಪಸ್ ಕೇಳಿದಳು. ಅದು ಜೀರ್ಣವಾಗಿತ್ತು.

ಜನ ಕರಗಿದ ಮೇಲೆ ತಿಬುರ್ಸಿಯೊ ಹೆಂಡತಿಯ ಕಡೆ ತಿರುಗಿದ. "ನೀನೂನಾ ನಿಲಾ?"

"ನಾನು ನಿಮ್ಮ ಮಾತು ನಂಬ್ಲಿಲ್ಲ ಅಂತಲ್ಲ," ಎಂದಳು ಲಿಯೋನಿಲಾ. "ನಿಮ್ಮ ಬಾಯಲ್ಲಿ ಹುರಿದ ಮೊಟ್ಟೆ ವಾಸನೆ ಬರ್ತಿತ್ತು."

ಊರು ಅವನಿಗೆ 'ಡೈರೆಕ್ಟ್ ಬುರ್ಸಿಯೊ' ಎಂದು ಹೆಸರಿಟ್ಟಿತು. ಮಕ್ಕಳು ಅವನನ್ನು ಕಂಡರೆ ಕಿವಿಗೆ ಕೈಯಿಟ್ಟು, "ಹಲೋ, ಸ್ವರ್ಗಾನಾ?" ಎಂದು ಕೂಗುತ್ತಿದ್ದವು. ಅವನು ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ ಬರುತ್ತಿದ್ದ. ಇನ್ನು ಮುಂದೆ ಭೂಮಿಯಲ್ಲಾಗಲಿ ಮೇಲಾಗಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂದು ಶಪಥ ಮಾಡಿದ. ಉಪ್ಪು ಬೇಕಾದರೂ ಪಕ್ಕದ ಮನೆಗೆ ಹೋಗುತ್ತಿರಲಿಲ್ಲ. ಸಪ್ಪೆ ಉಂಡೇ ಏಳುತ್ತಿದ್ದ.

ಅಕ್ಟೋಬರಿನ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ರೇಡಿಯೊ ಹೇಳಿದ್ದಕ್ಕಿಂತ ಒಂದು ದಿನ ಮುಂಚೆಯೇ ಬಂದ ಗಾಳಿ ಅದು. ಅಳಿಯ ಎಫ್ರೆನ್ ಸರೋವರದ ನಡುವೆ, ನೀರಲ್ಲಿ ಬಿದಿರು ನೆಟ್ಟು ಬಲೆ ಕಟ್ಟಿದ ಮೀನಿನ ದೊಡ್ಡಿಯನ್ನು ಕಾಯುವ ಕೆಲಸಕ್ಕಿದ್ದ. ಅಲ್ಲೇ ಬಿದಿರುಗಾಲುಗಳ ಮೇಲೆ ನಿಂತ ಒಂದು ಗುಡಿಸಲಿನಲ್ಲಿ ಇರುತ್ತಿದ್ದ. ದಡದಲ್ಲಿ ನಿಂತರೆ ದಿನವೂ ಆ ಗುಡಿಸಲು ಕಡ್ಡಿಪೆಟ್ಟಿಗೆಯಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಅಂದು ರೋವೆನಾ ಓಡಿಬಂದು ನೋಡಿದಾಗ ಅಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ. ಆಗ ಅವಳಿಗೆ ಎರಡು ತಿಂಗಳು. ಅಪ್ಪನಿಗೆ ಅದು ಗೊತ್ತಾದದ್ದೂ ಆಗಲೇ, ಅವಳು ದಡದಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡಾಗ.

ದೋಣಿ ಇಳಿಸುವ ಮಾತೇ ಇರಲಿಲ್ಲ. ಅಲೆಗಳು ಬೇಲಿಯವರೆಗೂ ಬಂದು ಹೊಡೆಯುತ್ತಿದ್ದವು.

ತಿಬುರ್ಸಿಯೊ ಬಾತುಕೋಳಿ ಗೂಡಿನ ಹಿಂದೆ ಹೋಗಿ ಮಂಡಿಯೂರಿದ. "ದೇವರೇ," ಎಂದ. ಆಮೇಲೆ, "ನಾನು ಬುರ್ಸಿಯೊ. ಬಾತುಕೋಳಿಯವನು," ಎಂದ, ಗುರುತಿಲ್ಲದ ಕಚೇರಿಗೆ ಹೋದವನ ಹಾಗೆ. ಗಾಳಿ ಗೂಡಿನ ತಗಡೊಂದನ್ನು ಕಿತ್ತೊಯ್ದಿತು. ಕೇಳಬೇಕಾದದ್ದು ಅಷ್ಟು ದೊಡ್ಡದು, ಕೇಳುವವನು ಇಷ್ಟೇ. ಎದ್ದು ಮನೆಯೊಳಗೆ ಓಡಿದ.

"ಅತ್ತೆ! ನೀವು ಕೇಳಿ. ನನ್ನ ಕೈಲಿ ಆಗ್ತಿಲ್ಲ."

ಪೋತೆಂಗ್ ಅಜ್ಜಿ ಸಂತರ ಪಟಗಳ ಮುಂದೆ ಆಗಲೇ ಮೇಣದ ಬತ್ತಿ ಹಚ್ಚಿದ್ದಳು. ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆಕೆ ಬೈಯಲಿಲ್ಲ.

"ನಾನೂ ಒಬ್ಬಳೇ ಕೇಳಲ್ಲ ಬುರ್ಸಿಯೊ. ಯಾವತ್ತೂ ಕೇಳಿಲ್ಲ. ನಂಗೂ ಭಯ ಆಗುತ್ತೆ. ಅದಕ್ಕೇ ಇವರನ್ನೆಲ್ಲ ಜೊತೆಗೆ ಕರ್ಕೊಳ್ಳೋದು. ಇವರೂ ನಮ್ಮ ಹಾಗೇ ಹೆದರಿದ್ದೋರು. ನಡಿ, ಊರೋರನ್ನೂ ಕರ್ಕೊಂಡು ಬಾ. ಎಷ್ಟು ಜನ ಆದ್ರೆ ಅಷ್ಟು ಒಳ್ಳೇದು."

ತಿಬುರ್ಸಿಯೊ ಓಡಿದ. ನೇರ ಎಂದು ಮೆರೆದ ಮನುಷ್ಯ ಅಂದು ಊರಿನ ಪ್ರತಿ ಬಾಗಿಲನ್ನೂ ಬಡಿದ.

"ಪ್ಲಾಸಿದೊ, ನಿನ್ನ ಸಂತ ಯಾರು?"

"ಸಾನ್ ರೋಕೆ, ನಾಯಿ ಜೊತೆ ಇರೋನು. ಯಾಕೆ?"

"ಅವನಿಗೆ ಹೇಳು! ಎಫ್ರೆನ್ ಬದುಕಿ ಬಂದ್ರೆ ಊರಿನ ನಾಯಿಗಳಿಗೆಲ್ಲ ಬುರ್ಸಿಯೊ ಊಟ ಹಾಕ್ತಾನೆ ಅನ್ನು!"

ಕ್ಯಾಪ್ಟನ್ನನ ಮನೆಯಲ್ಲಿ ಸಾನ್ ನಿಕೋಲಾಸ್. ಅವನಿಗೆ ಸಾರಾಯಿ ಕುಡಿಯುವುದನ್ನು ಬಿಡುತ್ತೇನೆಂದ. ಕಾಲಿಸ್ತೊನ ಮನೆಯಲ್ಲಿ ಸಿಡಿಲು ತಡೆಯುವ ಸಾಂತಾ ಬಾರ್ಬರಾ. ಅವಳಿಗೆ ಕೆಟ್ಟ ಮಾತು ಬಿಡುತ್ತೇನೆಂದ. ಬೀಗಿತ್ತಿ ಬಾಗಿಲಲ್ಲೇ ಕುಸಿದಿದ್ದಳು. ಅವಳ ಕೈ ಹಿಡಿದೆಬ್ಬಿಸಿ, ಅವಳ ಸಾನ್ ರಾಫಾಯೆಲನ ಮೂರ್ತಿಯನ್ನು ಮೆರವಣಿಗೆಯಲ್ಲಿ ಒಬ್ಬನೇ ಹೊರುತ್ತೇನೆಂದ. ಅತ್ತೆಯ ಸಾನ್ ಆಂದ್ರೆಸನಿಗೆ ಚರ್ಚಿನ ಬಾಗಿಲಿಂದ ಪೀಠದವರೆಗೆ ಮಂಡಿಯಲ್ಲೇ ನಡೆಯುತ್ತೇನೆಂದು ದಾರಿಯಲ್ಲೇ ಹರಸಿಕೊಂಡಿದ್ದ. ತಾಲ್ಯಾ ಆಗಲೇ ತಲೆಗೆ ಬಟ್ಟೆ ಹೊದ್ದು ಹೊರಟಿದ್ದಳು.

"ನಂಗೆ ಸಾನ್ ಪಾಸ್ಕುವಾಲ್. ಕೇಳಿದ್ದನ್ನ ಒಂದ್ಸಲಾನೂ ಇಲ್ಲ ಅಂದಿಲ್ಲ, ಮಾಂಗ್ ಬುರ್ಸಿಯೊ."

"ಅವನಿಗೆ ಏನು ಕೊಡ್ಬೇಕು?"

"ಮೇ ತಿಂಗಳಲ್ಲಿ ಒಬಾಂಡೊ ಊರಿನ ಹಬ್ಬಕ್ಕೆ ಹೋಗಿ ಅವನ ಮುಂದೆ ಹೆಂಡ್ತಿ ಜೊತೆ ಕುಣೀಬೇಕು."

"ಕುಣೀತೀನಿ! ಹೇಳು ಅವನಿಗೆ, ಕುಣೀತೀನಿ!"

ಊರೆಲ್ಲ ದಡದಲ್ಲಿ ಮಳೆಗೆ ಮೈಯೊಡ್ಡಿ ನಿಂತಿತು. ಪೋತೆಂಗ್ ಅಜ್ಜಿ ರೋವೆನಾಳನ್ನು ಎದೆಗವುಚಿಕೊಂಡು ಒಬ್ಬೊಬ್ಬ ಸಂತರ ಹೆಸರು ಕೂಗಿದಳು. ಪ್ರತಿ ಹೆಸರಿಗೂ ಊರು ಒಂದೇ ದನಿಯಲ್ಲಿ, "ನಮಗಾಗಿ ಪ್ರಾರ್ಥಿಸು," ಎಂದಿತು. ಫಾದರ್ ಮೆಲಾನಿಯೊ ಕ್ಯಾಪ್ಟನ್ನನ ಕೊಡೆಯ ಕೆಳಗೆ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದರು. ತಿಬುರ್ಸಿಯೊನ ದನಿ ಬೇಗನೆ ಒಡೆಯಿತು. ಆದರೂ ತುಟಿ ಆಡಿಸುತ್ತಿದ್ದ. ತನ್ನ ದನಿ ನಿಂತರೂ ಪ್ರಾರ್ಥನೆ ನಿಲ್ಲುವುದಿಲ್ಲ ಎಂಬುದು ಅವನಿಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ ಅವನು ನಿಂತಲ್ಲೇ ಅತ್ತುಬಿಟ್ಟ.

ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅಲೆಗಳ ನಡುವೆ ಒಂದು ಚಾವಣಿ ಕಾಣಿಸಿತು. ಚಾವಣಿಯ ಕೆಳಗೆ ಗೋಡೆಯಿತ್ತು, ಗೋಡೆಯಲ್ಲಿ ಕಿಟಕಿಯಿತ್ತು, ಕಿಟಕಿಯಲ್ಲಿ ಎಫ್ರೆನ್ ಇದ್ದ. ಕಾಲು ಮುರಿದುಕೊಂಡ ಗುಡಿಸಲು ಇಡಿಯಾಗಿ ತೇಲುತ್ತ ಬಂದು, ಎಲ್ಲರೂ ಕೂಗಿಕೊಳ್ಳುತ್ತಿದ್ದಂತೆ, ತಿಬುರ್ಸಿಯೊನ ಬಾತುಕೋಳಿ ಗೂಡಿಗೆ ಡಿಕ್ಕಿ ಹೊಡೆದು ಅದನ್ನು ನುಚ್ಚುನೂರು ಮಾಡಿ ನಿಂತಿತು. ಬಾತುಕೋಳಿಗಳು ದಿಕ್ಕುದಿಕ್ಕಿಗೆ ಹಾರಿದವು. ಎಫ್ರೆನ್ ಕಿಟಕಿಯಿಂದ ಇಳಿದು ರೋವೆನಾಳನ್ನು ಅಪ್ಪಿಕೊಂಡ. ಆಮೇಲೆ ಮುರಿದ ಗೂಡನ್ನು ನೋಡಿ, "ತಪ್ಪಾಯ್ತು ಮಾವಾ, ತಿರುಗಿಸೋಕೆ ಆಗ್ಲಿಲ್ಲ," ಎಂದ.

ಜೀವ ಬಂದೊಡನೆ ಜಗಳವೂ ಬಂತು. ಉಳಿಸಿದ್ದು ಸಾನ್ ರೋಕೆ ಎಂದ ಪ್ಲಾಸಿದೊ. ನೀರಿಗೂ ನಾಯಿಯ ಸಂತನಿಗೂ ಏನು ಸಂಬಂಧ, ಉಳಿಸಿದ್ದು ಸಾನ್ ನಿಕೋಲಾಸ್ ಎಂದ ಕ್ಯಾಪ್ಟನ್. ಒಂದು ಸಂಗತಿಯಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು: ಯಾರ ಹರಕೆಯನ್ನೂ ಬಾಕಿ ಉಳಿಸುವಂತಿಲ್ಲ.

ತಿಬುರ್ಸಿಯೊ ಮಂಡಿಯಲ್ಲಿ ನಡೆದ, ಮಂಡಿಗೆ ಔಷಧಿ ಹ‌ಚ್ಚಿಸಿಕೊಂಡ. ನಾಯಿಗಳಿಗೆ ಊಟ ಹಾಕಿದ. ಅವು ಉಪಕಾರ ಮರೆಯದೆ ಚರ್ಚಿಗೂ ಹಿಂದೆಯೇ ಬರತೊಡಗಿದವು. ಸಾರಾಯಿ ಬಿಟ್ಟ. ಕೆಟ್ಟ ಮಾತು ಬಿಟ್ಟದ್ದರಿಂದ ಬಾತುಕೋಳಿಗಳ ಹತ್ತಿರ ಮಾತಾಡಲು ಅವನಿಗೆ ಏನೂ ಉಳಿಯಲಿಲ್ಲ. ರಾಫಾಯೆಲನನ್ನು ಒಬ್ಬನೇ ಹೊತ್ತು ಒಂದು ತಿಂಗಳು ಒಂದೇ ಕಡೆಗೆ ವಾಲಿಕೊಂಡು ಓಡಾಡಿದ. ಮೇ ತಿಂಗಳು ಬಂದಾಗ ಲಿಯೋನಿಲಾಳನ್ನು ಕರೆದುಕೊಂಡು, ಜೀಪು ಬಸ್ಸು ಹಿಡಿದು ಒಬಾಂಡೊಗೆ ಹೋದ.

ಬೀದಿ ತುಂಬ ಜೋಡಿಗಳು ಕುಣಿಯುತ್ತಿದ್ದವು. ಎಲ್ಲರೂ ಎಳೆಯರು.

"ಏನ್ರೀ, ಎಲ್ಲಾ ಹೊಸದಾಗಿ ಮದುವೆ ಆದೋರ ಹಾಗಿದ್ದಾರೆ," ಎಂದಳು ಲಿಯೋನಿಲಾ, ಕೈಯೆತ್ತಿ ಕುಣಿಯುತ್ತ.

"ನಮಗೇನು ಕಮ್ಮಿ? ಕುಣಿ ಕುಣಿ. ಹರಕೆ ಅರ್ಧ ಮಾಡಬಾರದು," ಎಂದ ತಿಬುರ್ಸಿಯೊ. ಪಕ್ಕದಲ್ಲಿ ಕುಣಿಯುತ್ತಿದ್ದ ಯುವಕನೊಬ್ಬ ಅವನ ಬೆನ್ನು ತಟ್ಟಿ, "ನಿಮ್ಮ ಧೈರ್ಯ ದೊಡ್ಡದು ತಾತ," ಎಂದ. ಇವನು ಕಾಲುನೋವಿನ ಮಾತಿರಬೇಕೆಂದುಕೊಂಡ.

ರೋವೆನಾ ಹೆತ್ತಳು, ಗಂಡು. ಆ ಬಾಣಂತನ ಮುಗಿಯುವ ಮುಂಚೆ ಲಿಯೋನಿಲಾ ಬೆಳಿಗ್ಗೆ ಎದ್ದು ವಾಂತಿ ಮಾಡಿಕೊಂಡಳು. ಮೀನು ಸರಿಯಿರಲಿಲ್ಲವೆಂದು ತಿಬುರ್ಸಿಯೊ ಮೀನಿನವಳ ಮೇಲೆ ಜಗಳಕ್ಕೆ ಹೋದ. ಸೂಲಗಿತ್ತಿ ಬಂದು ನೋಡಿ, ಮೀನಿನದೇನೂ ತಪ್ಪಿಲ್ಲ ಎಂದಳು.

ತಿಬುರ್ಸಿಯೊ ಸೀದಾ ಬೇಲಿಯ ಬಳಿಗೆ ಹೋದ. "ತಾಲ್ಯಾ! ನೀನು ಸಾನ್ ಪಾಸ್ಕುವಾಲ್ ಹತ್ರ ಏನು ಕೇಳ್ತಿದ್ದೆ?"

"ಮಕ್ಕಳನ್ನ," ಎಂದಳು ತಾಲ್ಯಾ. ಅವಳ ಹಿಂದೆ ಒಂಬತ್ತು ತಲೆಗಳು ಇಣುಕಿದವು. "ಮತ್ತೇನು ಕೇಳ್ತಾರೆ ಅವನ ಹತ್ರ? ಹೇಳ್ಲಿಲ್ವಾ ನಾನು, ಇಲ್ಲ ಅಂದಿದ್ದೇ ಇಲ್ಲ ಅಂತ."

ಪೋತೆಂಗ್ ಅಜ್ಜಿ ಆ ದಿನ ನಕ್ಕಷ್ಟು ಜೀವಮಾನದಲ್ಲಿ ನಕ್ಕಿರಲಿಲ್ಲ. ಎಲೆಯಡಿಕೆ ಗಂಟಲಿಗೆ ಸಿಕ್ಕಿ, ಬೆನ್ನಿಗೆ ಗುದ್ದಬೇಕಾಯಿತು.

ಮಗು ಹುಟ್ಟಿತು. ಗಂಡು, ಅಕ್ಕನ ಮಗನಿಗಿಂತ ಚಿಕ್ಕವನಾದ ಸೋದರಮಾವ. ಜ್ಞಾನಸ್ನಾನಕ್ಕೆ ತಂದಾಗ ಫಾದರ್ ಮೆಲಾನಿಯೊ, "ಏನು ಹೆಸರು?" ಎಂದರು.

ತಿಬುರ್ಸಿಯೊ ಬೆವರಿದ. ಒಬ್ಬ ಸಂತನ ಹೆಸರಿಟ್ಟರೆ ಉಳಿದವರು ಏನೆಂದುಕೊಂಡಾರು? ಮತ್ತೆ ಬಿರುಗಾಳಿ ಬಂದರೆ ಯಾವ ಮುಖ ಇಟ್ಟುಕೊಂಡು ಕೇಳುವುದು? "ಪಾಸ್ಕುವಾಲ್ ಅಂತ ಬರ್ಕೊಳ್ಳಿ ಫಾದರ್. ಆಂದ್ರೆಸ್ ಅಂತಾನೂ. ನಿಕೋಲಾಸ್. ರಾಫಾಯೆಲ್. ರೋಕೆ. ಸಾಂತಾ ಬಾರ್ಬರಾನ ಬಿಡೋಕಾಗಲ್ಲ, ಗಂಡು ಮಗು ಆದ್ದರಿಂದ ಬಾರ್ಬರೊ ಅಂತ..."

"ಬಾರ್ಬರೊ ಅಂದ್ರೆ ಕಾಡುಮನುಷ್ಯ ಅಂತ ಬುರ್ಸಿಯೊ. ಅದು ಹೆಸರಲ್ಲ, ಬೈಗುಳ."

"ಅವಳಿಗೆ ಬೇಜಾರಾದ್ರೆ?"

"ನಾನು ಸಮಾಧಾನ ಮಾಡ್ತೀನಿ," ಎಂದು ಫಾದರ್ ನೀರು ಹೊಯ್ದುಬಿಟ್ಟರು.

ಹುಡುಗ ಈಗ ನಡೆಯುತ್ತಾನೆ. ನಡೆಯುವುದಕ್ಕಿಂತ ಹೆಚ್ಚು ಓಡುತ್ತಾನೆ, ಅದೂ ಬರಿಮೈಯಲ್ಲಿ, ಬಾತುಕೋಳಿಗಳ ಹಿಂದೆ. ಸಂಜೆ ಸ್ನಾನದ ಹೊತ್ತಿಗೆ ಪೋತೆಂಗ್ ಅಜ್ಜಿ ಜಗಲಿಯ ಕಂಬ ಹಿಡಿದು ನಿಂತು ಕೂಗುತ್ತಾಳೆ. ಯಾವ ಹೆಸರು ಬಿಟ್ಟರೆ ಯಾವ ಸಂತನಿಗೆ ಕೋಪವೋ ಎಂದು ತಿಬುರ್ಸಿಯೊ ಎಲ್ಲ ಹೆಸರನ್ನೂ ಕೂಗಬೇಕೆಂದು ಕಟ್ಟುಮಾಡಿದ್ದಾನೆ.

"ಪಾಸ್ಕುವಾಲ್!" ಎನ್ನುತ್ತಾಳೆ ಅಜ್ಜಿ.

ಬೇಲಿಯಾಚೆ ಬಟ್ಟೆ ಹಿಂಡುತ್ತಿರುವ ತಾಲ್ಯಾ ತಲೆಯೆತ್ತದೆಯೇ, "ನಮಗಾಗಿ ಪ್ರಾರ್ಥಿಸು," ಎನ್ನುತ್ತಾಳೆ.

"ಆಂದ್ರೆಸ್! ನಿಕೋಲಾಸ್!"

"ನಮಗಾಗಿ ಪ್ರಾರ್ಥಿಸು," ಎನ್ನುತ್ತಾರೆ ಕ್ಯಾಂಟೀನಿನಿಂದ ಪ್ಲಾಸಿದೊ, ಕಾಲಿಸ್ತೊ, ಲೋಟ ಕೆಳಗಿಟ್ಟು.

"ರಾಫಾಯೆಲ್! ರೋಕೆ!"

"ನಮಗಾಗಿ ಪ್ರಾರ್ಥಿಸು," ಎನ್ನುತ್ತದೆ ಇಡೀ ಬೀದಿ, ಟೋಪಿ ತೆಗೆದು. ಮೈಗೆಲ್ಲ ಕೆಸರು ಬಳಿದುಕೊಂಡ ಆ ಪುಟ್ಟ ಸಂತರ ಸಭೆ ಮಾತ್ರ ಯಾರ ಮಾತಿಗೂ ಓಗೊಡದೆ, ಒಂದು ಬಾತುಕೋಳಿಯ ಬಾಲ ಹಿಡಿದುಕೊಂಡು, ನೇರವಾಗಿ ಕೆಸರಿನ ಗುಂಡಿಗೆ ಹೋಗಿ ಬೀಳುತ್ತದೆ.